ಹಳೆಯ ಝೆನ್, ಬಾನೆಟ್‌ನಿಂದ ಹೊಗೆ, ಕೆಳಗೆ ಎಣ್ಣೆ: ಗೇರ್ ಬಾಕ್ಸ್ ಇಳಿಸಲೇಬೇಕಾ?

ತೀರ್ಥಹಳ್ಳಿ ರಸ್ತೆ:

ಎಲ್ಲರಿಗೂ ನಮಸ್ಕಾರ. ನಮ್ಮದು 1998ರ ಮಾರುತಿ ಝೆನ್. ಕಾರ್ಬೊರೇಟರ್ ಗಾಡಿ, ಕೆಎ-14 ನಂಬರು. ಅಪ್ಪ ಹೊಸದಾಗಿ ತೆಗೆದುಕೊಂಡಿದ್ದು. ಅವರಿಗೆ ಕಣ್ಣು ಮಂದವಾದ ಮೇಲೆ ನನ್ನ ಕೈಗೆ ಬಂತು. ಶಿವಮೊಗ್ಗದಲ್ಲಿ ಮನೆ, ತೀರ್ಥಹಳ್ಳಿಯಲ್ಲಿ ಕಾಲೇಜಿನಲ್ಲಿ ಪಾಠ ಹೇಳುವ ಕೆಲಸ. ಗಾಜನೂರು, ಮಂಡಗದ್ದೆ ದಾಟಿ ಹೋಗಿ ಬರುವುದು ಇದರಲ್ಲೇ.

ತೊಂದರೆ ಹೀಗಿದೆ. ಓಡುವಾಗ ಏನೂ ಗೊತ್ತಾಗುವುದಿಲ್ಲ. ಊರೊಳಗೆ ಬಂದು ಸಿಗ್ನಲ್‌ನಲ್ಲಿ ನಿಂತ ತಕ್ಷಣ ಬಾನೆಟ್‌ನ ಮುಂದಿನ ಸಂದಿಯಿಂದ ತೆಳ್ಳಗೆ ನೀಲಿ ಹೊಗೆ ಏಳುತ್ತದೆ. ಸುಟ್ಟ ಎಣ್ಣೆ ವಾಸನೆ. ಬ್ಲೋವರ್ ಹಾಕಿದ್ದರೆ ಒಳಗೂ ಬರುತ್ತದೆ. ಪಕ್ಕದ ಬೈಕಿನವರು ಬಗ್ಗಿ ನೋಡಿ "ಮೇಡಂ, ಹೊಗೆ" ಅಂತ ಹೇಳುವುದು ಈಗ ಮಾಮೂಲು.

ಎರಡನೆಯದು, ರಾತ್ರಿ ನಿಲ್ಲಿಸಿದ ಕಡೆ ಎಡಗಡೆ ಮುಂದಿನ ಚಕ್ರದ ಹತ್ತಿರ ನೆಲದ ಮೇಲೆ ಕಂದು ಬಣ್ಣದ ಎಣ್ಣೆ ಕಲೆ. ಜಾಸ್ತಿ ಇಲ್ಲ, ಆದರೆ ದಿನಾ ಇರುತ್ತದೆ. ಮೂರನೆಯದು, ಕೂಲೆಂಟ್ ಬಾಟಲಿಯಲ್ಲಿ ನಿಧಾನಕ್ಕೆ ಇಳಿಯುತ್ತಿದೆ. ಅದರ ಹನಿ ಮಾತ್ರ ಎಲ್ಲೂ ಕಾಣುತ್ತಿಲ್ಲ. ಟೆಂಪರೇಚರ್ ಮುಳ್ಳು ನೆಟ್ಟಗೆ ಇದೆ. ಸೈಲೆನ್ಸರ್‌ನಲ್ಲಿ ಹೊಗೆ ಇಲ್ಲ.

ಒಬ್ಬರು ಗ್ಯಾರೇಜಿನವರು ಗಾಡಿಯನ್ನು ಪಿಟ್ ಮೇಲೆ ನಿಲ್ಲಿಸಿ, ಕೆಳಗಿನಿಂದ ಟಾರ್ಚ್ ಬಿಟ್ಟು, "ಹಿಂದಿನ ಕ್ರ್ಯಾಂಕ್ ಆಯಿಲ್ ಸೀಲ್ ಹೋಗಿದೆ, ಗೇರ್ ಬಾಕ್ಸ್ ಇಳಿಸಬೇಕು, ಹೇಗೂ ಇಳಿಸ್ತೀವಿ, ಕ್ಲಚ್ ಪ್ಲೇಟೂ ಹಾಕಿಬಿಡೋಣ" ಅಂದರು. ಇನ್ನೊಬ್ಬರು ಬಾನೆಟ್ ಎತ್ತಿ ವಾಸನೆ ನೋಡಿ "ರಿಂಗ್ ಹೋಗಿದೆ, ಎಂಜಿನ್ ಕೆಲಸ" ಅಂದರು. ಎರಡೂ ಕಡೆ ಕೇಳಿದ ದುಡ್ಡಿಗೆ ಒಂದು ಸೆಕೆಂಡ್ ಹ್ಯಾಂಡ್ ಸ್ಕೂಟರ್ ಬರುತ್ತದೆ. ಹೆಂಗಸು ಅಂತ ಕಂಡರೆ ಅರ್ಧ ಮಾತು ನುಂಗಿಕೊಂಡೇ ಹೇಳುತ್ತಾರೆ, ಅದು ಬೇರೆ. ನಿಜವಾಗಿ ಎಲ್ಲಿಂದ ಸೋರುತ್ತಿದೆ ಅಂತ ನಾನೇ ಕಂಡುಹಿಡಿಯಲು ಆಗುತ್ತದಾ? ಸ್ಪ್ಯಾನರ್ ಹಿಡಿಯಲು ಭಯವಿಲ್ಲ. ಎಲ್ಲಿ ನೋಡಬೇಕು ಅನ್ನೋದು ಗೊತ್ತಿಲ್ಲ.

ಹೈವೇ ಹುಲಿ:

1998ರ ಗಾಡಿನಾ? ಮಾರಿಬಿಡಿ ಮೇಡಂ. ಇಟ್ಟುಕೊಳ್ಳಲೇಬೇಕು ಅಂದರೆ ಲೀಕ್ ನಿಲ್ಲಿಸುವ ಬಾಟಲಿ ಸಿಗುತ್ತದೆ, ಎಂಜಿನ್ ಆಯಿಲ್ ಜೊತೆ ಸುರಿಯಿರಿ. ರೇಡಿಯೇಟರ್‌ಗೂ ಅದೇ ಥರದ್ದು ಬರುತ್ತದೆ. 20ಡಬ್ಲ್ಯೂ-50 ದಪ್ಪ ಆಯಿಲ್ ಹಾಕಿ. ಸರ್ವಿಸ್ ಸ್ಟೇಷನ್‌ನಲ್ಲಿ ಪ್ರೆಷರ್ ಗನ್ ಹಿಡಿಸಿ ಎಂಜಿನ್ ತೊಳೆಸಿ. ಹೊಗೆ ನಿಲ್ಲುತ್ತದೆ.

ಹಳೇ ಗ್ಯಾರೇಜ್, ದಾವಣಗೆರೆ:

ಮೇಡಂ, ಗೇರ್ ಬಾಕ್ಸ್ ಮುಟ್ಟಲು ಯಾರಿಗೂ ಬಿಡಬೇಡಿ. ಸದ್ಯಕ್ಕೆ.

ನೀವು ಹೇಳಿದ್ದು ಮೂರು ಬೇರೆ ಬೇರೆ ವಿಷಯ. ಗ್ಯಾರೇಜಿನವರು ಮೂರನ್ನೂ ಸೇರಿಸಿ ಒಂದೇ ಬಿಲ್ ಮಾಡಲು ಹೊರಟಿದ್ದಾರೆ. ನಾನು ಝೆನ್, ಎಸ್ಟೀಮ್, 800 ಇವುಗಳ ಕೆಳಗೆ ಮಲಗಿಯೇ ತಲೆ ನರೆಸಿಕೊಂಡವನು. ಈಗ ಮಗ ನೋಡಿಕೊಳ್ಳುತ್ತಾನೆ. ನಾನು ಕುರ್ಚಿ ಹಾಕಿಕೊಂಡು ಬೈಯುವ ಕೆಲಸ ಮಾಡುತ್ತೇನೆ. ಒಂದೊಂದಾಗಿ ಹೇಳುತ್ತೇನೆ, ಉದ್ದ ಆಗುತ್ತದೆ, ಓದಿ.

ಮೊದಲು ಹೊಗೆ. ಝೆನ್‌ನಲ್ಲಿ ಎಂಜಿನ್ ಅಡ್ಡಡ್ಡ ಕೂತಿರುತ್ತದೆ. ಕಾರ್ಬೊರೇಟರ್ ಹಿಂದೆ, ಎಕ್ಸಾಸ್ಟ್ ಮ್ಯಾನಿಫೋಲ್ಡ್ ಮುಂದೆ, ರೇಡಿಯೇಟರ್ ಕಡೆಗೆ. ಮ್ಯಾನಿಫೋಲ್ಡ್ ಮೇಲೆ ಒಂದು ತಗಡು ಮುಚ್ಚಿರುತ್ತಾರೆ. ಅದರ ನೇರ ಮೇಲೆ ಟ್ಯಾಪೆಟ್ ಕವರ್, ಅಂದರೆ ಎಂಜಿನ್ ನೆತ್ತಿಯ ಮುಚ್ಚಳ, ಅದರ ಮುಂದಿನ ಅಂಚು. ಆ ಕವರ್ ಕೆಳಗಿನ ರಬ್ಬರ್ ಪ್ಯಾಕಿಂಗ್ ಬಿಸಿಗೆ ಒಣಗಿ ಕಲ್ಲಾಗುತ್ತದೆ. ಎಣ್ಣೆ ಸಣ್ಣಗೆ ಜಿನುಗುತ್ತದೆ, ತಗಡಿನ ಹಿಂದೆ ಇಳಿದು ಮ್ಯಾನಿಫೋಲ್ಡ್ ಮೇಲೆ ಸುಡುತ್ತದೆ. ಓಡುವಾಗ ಗಾಳಿ ಹೊಗೆಯನ್ನು ಕೆಳಗೆ ಎಳೆದುಕೊಂಡು ಹೋಗುತ್ತದೆ. ನಿಂತಾಗ ಅದು ಮೇಲಕ್ಕೆ ಬರುತ್ತದೆ. ಸಿಗ್ನಲ್‌ನಲ್ಲಿ ಮಾತ್ರ ಕಾಣುತ್ತದೆ ಅಂದಿರಲ್ಲ, ಅದಕ್ಕೇ ನನ್ನ ಮೊದಲ ಅನುಮಾನ ಅಲ್ಲಿಗೆ.

ರಿಂಗ್ ಅಂದರೆ ಪಿಸ್ಟನ್ ಸುತ್ತ ಇರುವ ಬಳೆ. ಅದು ಹೋಗಿದ್ದರೆ ಹೊಗೆ ಸೈಲೆನ್ಸರ್‌ನಲ್ಲಿ ಬರಬೇಕು, ಅಲ್ವಾ? ಎತ್ತರ ಹತ್ತುವಾಗ, ಆಕ್ಸಿಲರೇಟರ್ ಒತ್ತಿದಾಗ ಹಿಂದೆ ನೀಲಿ ಕಾಣಬೇಕು. ಆಯಿಲ್ ಲೆವೆಲ್ ಬೇಗ ಬೇಗ ಇಳಿಯಬೇಕು. ನಿಮಗೆ ಸೈಲೆನ್ಸರ್ ಹೊಗೆ ಇಲ್ಲ, ಆಯಿಲ್ ಬೇಗ ಇಳಿಯುವ ಮಾತೂ ನೀವು ಹೇಳಿಲ್ಲ. ಬಾನೆಟ್ ಎತ್ತಿ ವಾಸನೆ ನೋಡಿ ರಿಂಗ್ ಅಂದವರಿಗೆ ದೂರದಿಂದಲೇ ಕೈ ಮುಗಿಯಿರಿ.

ಎರಡನೆಯದು ಎಡಗಡೆ ಬೀಳುವ ಎಣ್ಣೆ. ಇದು ಸ್ವಲ್ಪ ಮಜಾ ಇರುವ ವಿಷಯ. ನಿಮ್ಮ ಗಾಡಿಯಲ್ಲಿ ಗೇರ್ ಬಾಕ್ಸ್ ಎಡಕ್ಕೆ ಇದೆ. ಎಂಜಿನ್, ಗೇರ್ ಬಾಕ್ಸ್ ಸೇರುವ ಜಾಗದಲ್ಲಿ ಒಳಗೆ ಕ್ರ್ಯಾಂಕ್‌ನ ಹಿಂದಿನ ಸೀಲ್ ಇರುವುದು ನಿಜ. ಅದು ಸೋರಿದರೆ ಅಲ್ಲೇ ಕೆಳಗೆ ಹನಿ ಬೀಳುವುದೂ ನಿಜ. ಆದರೆ ಅದೇ ಕಡೆ, ಮೇಲೆ, ಹೆಡ್‌ನ (ಎಂಜಿನ್‌ನ ಮೇಲಿನ ಭಾಗದ) ತುದಿಯಲ್ಲಿ ಏನಿದೆ ನೋಡಿ. ಡೆಲ್ಕೋ. ಪ್ಲಗ್ ವೈರುಗಳೆಲ್ಲ ಹೊರಡುತ್ತವಲ್ಲ, ಆ ಕರಿ ಟೋಪಿಯ ಡಿಸ್ಟ್ರಿಬ್ಯೂಟರ್. ಅದು ಹೆಡ್ ಒಳಗೆ ಹೋಗುವ ಕಡೆ ಒಂದು ರಬ್ಬರ್ ಓ ರಿಂಗ್ ಇದೆ. ಒಳಗಡೆ ಕ್ಯಾಮ್ ಶಾಫ್ಟ್‌ನ ಎಣ್ಣೆ, ಹೊರಗಡೆ ಗಾಳಿ, ನಡುವೆ ಆ ರಿಂಗ್ ಒಂದೇ. ಅದು ಸತ್ತರೆ ಎಣ್ಣೆ ಹೆಡ್ ಪಕ್ಕದಲ್ಲಿ ಇಳಿದು, ಗೇರ್ ಬಾಕ್ಸ್ ಮೇಲೆ ಹರಿದು, ಬೆಲ್ ಹೌಸಿಂಗ್‌ನ (ಎಂಜಿನ್‌ಗೆ ಕೂಡುವ ಗೇರ್ ಬಾಕ್ಸ್ ಭಾಗದ) ತಳದ ಅಂಚಿಗೆ ಬಂದು ನಿಂತು ಹನಿಯುತ್ತದೆ. ಪಿಟ್‌ನಲ್ಲಿ ನಿಂತು ತಲೆ ಎತ್ತಿದವನಿಗೆ ಕಾಣುವುದು ಆ ಕೊನೆಯ ಹನಿ ಮಾತ್ರ. ಸೀಲ್ ಅಂತ ಹೇಳಿಬಿಡುತ್ತಾನೆ. ಎಷ್ಟೋ ಗಾಡಿಗಳ ಗೇರ್ ಬಾಕ್ಸ್ ಹೀಗೆ ಸುಮ್ನೆ ಇಳಿದು ಹತ್ತಿವೆ.

ನೀವು ಮಲೆನಾಡಿನವರು, ಹೆಂಚಿನ ಮನೆ ಸೋರುವುದು ನೋಡಿರುತ್ತೀರಿ. ಒಡೆದ ಹೆಂಚು ಒಂದು ಕಡೆ, ಹನಿ ಬೀಳುವುದು ಇನ್ನೊಂದು ಕಡೆ. ಇಲ್ಲೂ ಅಷ್ಟೇ. ಒದ್ದೆ ಇರುವ ಜಾಗಗಳಲ್ಲಿ ಎಲ್ಲಕ್ಕಿಂತ ಮೇಲಿನದು ಯಾವುದು ಅಂತ ನೋಡಬೇಕು. ಹರಿವ ಎಣ್ಣೆಯನ್ನು ಫ್ಯಾನ್ ಗಾಳಿ ಹಿಂದಕ್ಕೆ ಚದುರಿಸುತ್ತದೆ, ಆದ್ದರಿಂದ ಆದಷ್ಟು ಮುಂದಿನದನ್ನೂ ನೋಡಿ.

ಈಗಿನ ಸ್ಥಿತಿಯಲ್ಲಿ ಏನೂ ಕಾಣುವುದಿಲ್ಲ. ವರ್ಷಗಳ ಎಣ್ಣೆ, ಅದರ ಮೇಲೆ ಧೂಳು, ಎಲ್ಲಾ ಕರಿ. ಮೊದಲು ತೊಳೆಯಿರಿ. ಆದರೆ ಮೇಲಿನ ಅಣ್ಣ ಹೇಳಿದ ಹಾಗೆ ಪ್ರೆಷರ್ ಗನ್ ಬೇಡವೇ ಬೇಡ. ಕಾರ್ಬೊರೇಟರ್ ಗಾಡಿ, ಡೆಲ್ಕೋ ಟೋಪಿ ಒಳಗೆ ನೀರು ಹೋದರೆ ಸರ್ವಿಸ್ ಸ್ಟೇಷನ್‌ನಿಂದಲೇ ತಳ್ಳಿಕೊಂಡು ಬರಬೇಕು. ಬಿಸಿ ಎಂಜಿನ್ ಮೇಲೆ ತಣ್ಣೀರು ಹೊಡೆದರೆ ಬೀಡು ಕಬ್ಬಿಣದ ಮ್ಯಾನಿಫೋಲ್ಡ್ ಬಿರುಕು ಬಿಡುವುದೂ ಉಂಟು.

ಬೆಳಿಗ್ಗೆ, ಎಂಜಿನ್ ಪೂರ್ತಿ ತಣ್ಣಗಿದ್ದಾಗ ಮಾಡಿ. ಬ್ಯಾಟರಿಯ ನೆಗೆಟಿವ್ ಬಿಚ್ಚಿ. ಡೆಲ್ಕೋ, ಕಾಯಿಲ್, ಆಲ್ಟರ್ನೇಟರ್‌ಗೆ ಪ್ಲಾಸ್ಟಿಕ್ ಕವರ್ ಸುತ್ತಿ. ಏರ್ ಫಿಲ್ಟರ್ ಡಬ್ಬಿ ತೆಗೆಯಬೇಡಿ, ಕಾರ್ಬೊರೇಟರ್ ಬಾಯಿ ಮುಚ್ಚಿಕೊಂಡೇ ಇರಲಿ. ಸೀಮೆಎಣ್ಣೆಯೋ, ಅಂಗಡಿಯ ಡಿಗ್ರೀಸರೋ, ಎರಡು ಇಂಚಿನ ಪೇಂಟ್ ಬ್ರಷ್‌ನಲ್ಲಿ ಹಚ್ಚಿ ಉಜ್ಜಿ. ಬನಿಯನ್ ವೇಸ್ಟ್‌ನಲ್ಲಿ ಒರೆಸಿ. ಆಮೇಲೆ ಸೋಪಿನ ನೀರು, ಚೊಂಬಿನಲ್ಲಿ ಸಣ್ಣಗೆ. ಸೀಮೆಎಣ್ಣೆ ಹಚ್ಚಿದ್ದರೆ ವಾಸನೆ ಪೂರ್ತಿ ಹೋಗುವವರೆಗೂ ಬಾನೆಟ್ ತೆರೆದಿಡಿ. ಅಲ್ಲಿಯವರೆಗೆ ಸ್ಟಾರ್ಟ್ ಮಾಡಬಾರದು.

ಒಣಗಿದ ಮೇಲೆ ಮುಖಕ್ಕೆ ಹಚ್ಚುವ ಟಾಲ್ಕಂ ಪೌಡರ್ ತನ್ನಿ. ನಗಬೇಡಿ. ಟ್ಯಾಪೆಟ್ ಕವರ್‌ನ ಸುತ್ತ, ಡೆಲ್ಕೋ ಹೆಡ್‌ಗೆ ಸೇರುವ ಕಡೆ, ಕೆಳಗೆ ಚೇಂಬರ್ (ಎಂಜಿನ್ ಆಯಿಲ್ ನಿಲ್ಲುವ ತಟ್ಟೆ) ಪ್ಯಾಕಿಂಗ್ ಗೆರೆಯುದ್ದಕ್ಕೂ ಡಬ್ಬಿಯಿಂದ ಊದಿ. ಬೆಲ್ಟ್ ಕಡೆಗೆ ಬೇಡ. ಬ್ಯಾಟರಿ ಜೋಡಿಸಿ ಐಡಲ್‌ನಲ್ಲಿ ಬಿಸಿಯಾಗಲು ಬಿಡಿ, ಆಮೇಲೆ ಹತ್ತಿರದಲ್ಲೇ ಒಂದು ಸುತ್ತು ಹೋಗಿ ಬನ್ನಿ. ಎಲ್ಲಿ ಜಿನುಗಿದರೂ ಬಿಳಿ ಪೌಡರ್ ಮೇಲೆ ಕಂದು ಗೆರೆ ಎದ್ದು ಕಾಣುತ್ತದೆ. ಗೆರೆಯ ಮೇಲಿನ ತುದಿ ಎಲ್ಲಿದೆಯೋ ಅದೇ ಜಾಗ. ನೋಡುವಾಗ ಫ್ಯಾನ್‌ನಿಂದ ಕೈ, ಸೆರಗು, ವೇಲ್ ಎಲ್ಲಾ ದೂರ ಇರಲಿ. ಎಲೆಕ್ಟ್ರಿಕ್ ಫ್ಯಾನ್, ಯಾವಾಗ ಬೇಕಾದರೂ ತಿರುಗುತ್ತದೆ.

ರಾತ್ರಿ ಗಾಡಿ ಕೆಳಗೆ ದೊಡ್ಡ ರಟ್ಟು ಹಾಸಿ, ಚಕ್ರ ಇರುವ ಜಾಗಕ್ಕೆ ಪೆನ್ನಿನಲ್ಲಿ ಗುರುತು ಹಾಕಿ. ಕಂದು, ಕರಿ ಬಣ್ಣ, ಸುಟ್ಟ ವಾಸನೆ ಇದ್ದರೆ ಎಂಜಿನ್ ಆಯಿಲ್. ದಪ್ಪಗೆ, ಗಂಧಕದ ಹಾಗೆ ಮೂಗಿಗೆ ಹೊಡೆದರೆ ಗೇರ್ ಆಯಿಲ್. ಹಸಿರೋ ಕೆಂಪೋ ಇದ್ದು ಅಂಟಂಟಾಗಿ ಸಿಹಿ ವಾಸನೆ ಬಂದರೆ ಕೂಲೆಂಟ್. ಬರೀ ನೀರು, ಎಡಗಡೆ ಕಾಲಿಡುವ ಜಾಗದ ಕೆಳಗೆ ಬಿದ್ದರೆ ಅದು ಎಸಿ ನೀರು, ಬಿಟ್ಟುಬಿಡಿ. ತೆಳ್ಳಗೆ ತಿಳಿಹಳದಿ, ಬೆರಳಿಗೆ ಜಾರುತ್ತದೆ, ಪೇಂಟ್ ಮೇಲೆ ಬಿದ್ದರೆ ಪೇಂಟ್ ಎದ್ದು ಬರುತ್ತದೆ ಅಂದರೆ ಬ್ರೇಕ್ ಆಯಿಲ್. ಅದು ಕಂಡ ದಿನ ಗಾಡಿ ಓಡಿಸಬೇಡಿ.

ಇನ್ನೊಂದು, ಇದನ್ನು ಯಾರೂ ನೋಡುವುದಿಲ್ಲ. ಬ್ರೀದರ್. ಟ್ಯಾಪೆಟ್ ಕವರ್‌ನಿಂದ ಹೊರಡುವ ರಬ್ಬರ್ ಪೈಪ್ ಮತ್ತು ಪಿಸಿವಿ ವಾಲ್ವ್, ಅಂದರೆ ಎಂಜಿನ್ ಒಳಗಿನ ಗ್ಯಾಸ್ ಹೊರಬಿಡುವ ಸಣ್ಣ ವಾಲ್ವ್. ಸಿಲಿಂಡರ್‌ನಿಂದ ಸ್ವಲ್ಪ ಗ್ಯಾಸ್ ರಿಂಗ್ ದಾಟಿ ಕೆಳಗೆ ಬರುವುದು ಎಲ್ಲಾ ಎಂಜಿನ್‌ನಲ್ಲೂ ಇದ್ದದ್ದೇ. ಅದು ಹೊರಹೋಗುವ ದಾರಿ ಈ ಪೈಪ್. ಮಡ್ಡಿ ಕಟ್ಟಿ ಅದು ಮುಚ್ಚಿದರೆ ಒಳಗೆ ಒತ್ತಡ ಏರುತ್ತದೆ. ಎಲ್ಲಿ ರಬ್ಬರ್ ಬಡವಾಗಿದೆಯೋ ಅಲ್ಲಿಂದ ಎಣ್ಣೆಯನ್ನು ಹೊರಗೆ ನೂಕುತ್ತದೆ. ಇವತ್ತು ಹೊಸ ಪ್ಯಾಕಿಂಗ್ ಹಾಕಿದರೂ ಮಳೆಗಾಲ ಮುಗಿಯುವುದರೊಳಗೆ ಮತ್ತೆ ಸೋರುತ್ತದೆ. ವಾಲ್ವ್ ತೆಗೆದು ಕಿವಿ ಹತ್ತಿರ ಅಲ್ಲಾಡಿಸಿ. ಟಕ್ ಟಕ್ ಅಂದರೆ ಸರಿ. ಸದ್ದಿಲ್ಲದಿದ್ದರೆ ಒಳಗೆ ಅಂಟಿಕೊಂಡಿದೆ.

ಕೂಲೆಂಟ್ ಬಗ್ಗೆ ಆಮೇಲೆ. ಮೊದಲು ಇಷ್ಟು ಮಾಡಿ ಬನ್ನಿ. ಬಾಟಲಿ ಔಷಧ ಸುರಿಯಬೇಡಿ. ಎಣ್ಣೆಗೆ ಹಾಕುವುದು ಹಳೆಯ ರಬ್ಬರನ್ನು ಸ್ವಲ್ಪ ದಿನ ಊದಿಸುತ್ತದೆ ಅಷ್ಟೇ, ಒಡೆದದ್ದನ್ನು ಕೂಡಿಸುವುದಿಲ್ಲ. ರೇಡಿಯೇಟರ್‌ಗೆ ಹಾಕುವುದು ಹೀಟರ್‌ನ ಸಣ್ಣ ಕೊಳವೆಗಳನ್ನು ಕಟ್ಟಿಸುತ್ತದೆ.

ಕುಡ್ಲದ ಮಳೆ:

ಭಟ್ಟರು ಮಂತ್ರ ಹೇಳಿದ ಹಾಗೆ ಎಲ್ಲಾ ಹೇಳಿದ್ದಾರೆ, ಒಂದು ಸೇರಿಸುತ್ತೇನೆ. ಮಂಗಳೂರಿನಲ್ಲಿ ನನ್ನ ಹತ್ತಿರವೂ ಕಾರ್ಬೊರೇಟರ್ ಗಾಡಿ ಇದೆ. ಎಣ್ಣೆ ಹುಡುಕುವ ಮೊದಲು ಪೆಟ್ರೋಲ್ ಪೈಪ್ ನೋಡಿ ಮೇಡಂ. ಎಣ್ಣೆ ಸುಟ್ಟರೆ ಹೊಗೆ, ಪೆಟ್ರೋಲ್ ಹತ್ತಿದರೆ ಗಾಡಿಯೇ ಇಲ್ಲ.

ಈಗ ಬಂಕಿನಲ್ಲಿ ಸಿಗುವ ಪೆಟ್ರೋಲ್‌ನಲ್ಲಿ ಶೇ 20 ಎಥನಾಲ್ ಇದೆ. 2023ರ ಏಪ್ರಿಲ್‌ನಿಂದ ಈಚೆಗೆ ಬಂದ ಗಾಡಿಗಳ ಪೈಪು, ರಬ್ಬರನ್ನು ಅದಕ್ಕೆ ತಕ್ಕ ಹಾಗೆ ಮಾಡಿದ್ದಾರೆ. 1998ರ ರಬ್ಬರ್‌ಗೆ ಅದು ಒಗ್ಗುವುದಿಲ್ಲ. ಪೈಪನ್ನು ಬೆರಳಲ್ಲಿ ಬಗ್ಗಿಸಿ. ಮೇಲೆ ಸಣ್ಣ ಬಿರುಕು ಕಂಡರೆ, ಅಥವಾ ಊದಿಕೊಂಡು ಮೆತ್ತಗಾಗಿದ್ದರೆ, ಬದಲಾಯಿಸಿ. ಪೈಪ್ ಮೇಲೆ ಫ್ಯೂಯಲ್ ಪೈಪ್ ಅಂತಲೇ ಬರೆದಿರಬೇಕು. ಮೀಟರ್ ಲೆಕ್ಕದಲ್ಲಿ ಕೊಡುವ ಕರಿ ನೀರಿನ ಪೈಪ್ ಹಾಕಿಸಿಕೊಳ್ಳಬೇಡಿ. ಕ್ಲಿಪ್ಪುಗಳೂ ಹೊಸದಾಗಲಿ.

ಪೆಟ್ರೋಲ್ ಸೋರಿದರೆ ಕಲೆ ನಿಲ್ಲುವುದಿಲ್ಲ, ಆರಿಹೋಗುತ್ತದೆ. ಬಿಸಿ ಎಂಜಿನ್ ನಿಲ್ಲಿಸಿ ಸ್ವಲ್ಪ ಹೊತ್ತಿನ ಮೇಲೆ ಬಾನೆಟ್ ಎತ್ತಿ ವಾಸನೆ ನೋಡಿ.

ಒಂದು ಕಿಲೋದ ಡ್ರೈ ಪೌಡರ್ ಫೈರ್ ಎಕ್ಸ್‌ಟಿಂಗ್ವಿಶರ್ ಮುಂದಿನ ಸೀಟಿನ ಹತ್ತಿರ ಇರಲಿ. ಡಿಕ್ಕಿಯಲ್ಲಿ ಇಟ್ಟರೆ ಬೇಕಾದಾಗ ಕೈಗೆ ಸಿಗುವುದಿಲ್ಲ. ಹೊಗೆ ಜೋರಾಗಿ ಬಂದರೆ ಬದಿಗೆ ನಿಲ್ಲಿಸಿ, ಇಗ್ನಿಷನ್ ಆಫ್ ಮಾಡಿ, ಎಲ್ಲರೂ ಇಳಿಯಿರಿ. ಬಾನೆಟ್ ಪೂರ್ತಿ ಎತ್ತಬೇಡಿ. ಗಾಳಿ ಸಿಕ್ಕಿದರೆ ಬೆಂಕಿ ಎದ್ದು ಬರುತ್ತದೆ. ಲಿವರ್ ಎಳೆದು ಸಂದಿ ಬಿಟ್ಟುಕೊಂಡರೆ ಸಾಕು, ಆ ಸಂದಿಯಿಂದಲೇ ಪೌಡರ್ ಹೊಡೆಯಿರಿ.

ಹುಬ್ಬಳ್ಳಿ ಆಲ್ಟೊ:

ಮೇಡಮ್ಮಾರ ಪ್ರಶ್ನೆ ನಡುವೆ ಬಂದೆ, ಬೇಜಾರಾಗಬೇಡಿರಿ. ನನ್ನ ಗಾಡಿಗೆ ಬೆಳಿಗ್ಗೆ ಮೊದಲ ಸ್ಟಾರ್ಟ್‌ಗೆ ಮಾತ್ರ ಹಿಂದೆ ನೀಲಿ ಹೊಗೆ ಬುಸ್ ಅಂತ ಬರುತ್ತದೆ. ಒಂದು ನಿಮಿಷದೊಳಗೆ ನಿಲ್ಲುತ್ತದೆ. ಇದು ರಿಂಗಾರೀ?

ಹಳೇ ಗ್ಯಾರೇಜ್, ದಾವಣಗೆರೆ:

ಅಲ್ಲ ಸಾಹೇಬರೆ. ವಾಲ್ವ್ ಸೀಲ್. ರಾತ್ರಿಯೆಲ್ಲ ಎಣ್ಣೆ ವಾಲ್ವ್ ಕಾಂಡದ ಗುಂಟ ಇಳಿದು ಸಿಲಿಂಡರ್‌ನಲ್ಲಿ ನಿಂತಿರುತ್ತದೆ, ಬೆಳಿಗ್ಗೆ ಅದು ಸುಡುತ್ತದೆ. ಇಳಿಜಾರಿನಲ್ಲಿ ಕಾಲು ತೆಗೆದು ಬಂದು ಮತ್ತೆ ಒತ್ತಿದಾಗಲೂ ಒಮ್ಮೆ ಬರುತ್ತದೆ, ಗಮನಿಸಿ. ಆಯಿಲ್ ಲೆವೆಲ್ ನೋಡಿಕೊಳ್ಳುತ್ತಾ ಓಡಿಸಿ, ಅವಸರವೇನಿಲ್ಲ. ಅನುಮಾನ ಇದ್ದರೆ ಕಂಪ್ರೆಷನ್ ಟೆಸ್ಟ್ ಮಾಡಿಸಿ. ಕಡಿಮೆ ಬಂದ ಸಿಲಿಂಡರ್‌ಗೆ ಒಂದು ಚಮಚ ಆಯಿಲ್ ಬಿಟ್ಟು ಮತ್ತೆ ನೋಡಬೇಕು. ಏರಿದರೆ ರಿಂಗ್, ಏರದಿದ್ದರೆ ವಾಲ್ವ್.

ತೀರ್ಥಹಳ್ಳಿ ರಸ್ತೆ:

ಭಾನುವಾರ ಇಡೀ ಇದೇ ಕೆಲಸ ಮಾಡಿದೆ. ಅಪ್ಪ ಕುರ್ಚಿ ಹಾಕಿಕೊಂಡು ಪಕ್ಕದಲ್ಲಿ ಕೂತು "ಅಲ್ಲಿ ಬಿಟ್ಟೆ, ಇಲ್ಲಿ ಬಿಟ್ಟೆ" ಅಂತ ತೋರಿಸುತ್ತಿದ್ದರು. ಕಣ್ಣು ಮಂದ ಅಂತ ಹೇಳಿದ್ದೆ, ಹಿಂತೆಗೆದುಕೊಂಡಿದ್ದೇನೆ.

ತೊಳೆದ ಮೇಲೆ ಎಂಜಿನ್ ಅಲ್ಯೂಮಿನಿಯಂ ಬಣ್ಣದ್ದು ಅಂತ ಗೊತ್ತಾಯಿತು. ಪೌಡರ್ ಹಾಕಿ ಓಡಿಸಿದೆ. ಡೆಲ್ಕೋ ಹೆಡ್‌ಗೆ ಸೇರುವ ಕಡೆ ಕೆಳಭಾಗದಲ್ಲಿ ಅರ್ಧ ಚಂದ್ರದ ಹಾಗೆ ಕಂದು ಬಣ್ಣ ಮೂಡಿತು. ಅಲ್ಲಿಂದ ಒಂದು ಸಣ್ಣ ಗೆರೆ ನೇರ ಗೇರ್ ಬಾಕ್ಸ್ ಮೇಲಕ್ಕೆ ಇಳಿದಿತ್ತು. ಟಾರ್ಚ್ ಹಿಡಿದು ಹಿಂಬಾಲಿಸಿದೆ. ಗೇರ್ ಬಾಕ್ಸ್ ಬೆನ್ನ ಮೇಲೆ ಹರಿದು, ಒಂದು ಬೋಲ್ಟ್ ತಲೆಯ ಸುತ್ತ ತಿರುಗಿ, ಕೆಳಗಿನ ಅಂಚಿನಲ್ಲಿ ಹನಿ ಕಟ್ಟಿತ್ತು. ಪಿಟ್‌ನಲ್ಲಿ ಅವರು ಬೆರಳಿಟ್ಟು ತೋರಿಸಿದ್ದು ಅದೇ ಅಂಚು!

ಟ್ಯಾಪೆಟ್ ಕವರ್ ಮುಂದಿನ ಅಂಚಿನಲ್ಲಿ ಪೌಡರ್ ಪೂರ್ತಿ ಒದ್ದೆ. ಬಲಗಡೆ ಮೂಲೆಯಲ್ಲಿ ಜಾಸ್ತಿ. ಚೇಂಬರ್ ಪ್ಯಾಕಿಂಗ್ ಒಣಗಿಯೇ ಇದೆ.

ಬ್ರೀದರ್ ಪೈಪ್ ಕಿತ್ತು ಬಾಯಿಂದ ಊದಿ ನೋಡಿದೆ. ಗಾಳಿ ಹೋಗುವುದೇ ಇಲ್ಲ. ಕಡ್ಡಿ ಹಾಕಿ ಕೆರೆದರೆ ಕರಿ ಹಲ್ವಾದ ಥರ ಬಂತು. ಪಿಸಿವಿ ವಾಲ್ವ್ ಅಲ್ಲಾಡಿಸಿದರೆ ಸದ್ದೇ ಇಲ್ಲ.

ಪೆಟ್ರೋಲ್ ಪೈಪ್ ಬಗ್ಗಿಸಿದರೆ ಒಂದು ತುದಿಯಲ್ಲಿ, ಕ್ಲಿಪ್ ಹತ್ತಿರ, ಬಿರುಕು ಕಂಡಿತು. ಅದನ್ನು ಸೋಮವಾರವೇ ಬದಲಾಯಿಸಿದೆ. ಮಂಗಳೂರಿನ ಅಣ್ಣನಿಗೆ ದೊಡ್ಡ ಥ್ಯಾಂಕ್ಸ್.

ಈಗ ಕೂಲೆಂಟ್ ಹೇಳಿ ಸರ್. ಪ್ಯಾಕಿಂಗ್, ಓ ರಿಂಗ್ ನಾನೇ ಹಾಕಬಹುದಾ?

ಹಳೇ ಗ್ಯಾರೇಜ್, ದಾವಣಗೆರೆ:

ಹಾಕಬಹುದು. ನಿಮ್ಮ ಗೆರೆ ಹಿಂಬಾಲಿಸಿದ ರೀತಿ ನೋಡಿದರೆ ನನ್ನ ಗ್ಯಾರೇಜಿನ ಹುಡುಗರಿಗೆ ನಿಮ್ಮಿಂದ ಒಂದು ಪಾಠ ಹೇಳಿಸಬೇಕು.

ಟ್ಯಾಪೆಟ್ ಕವರ್: ಹೊಸ ಪ್ಯಾಕಿಂಗ್ ಜೊತೆ ಬೋಲ್ಟ್‌ಗಳ ಕೆಳಗಿನ ರಬ್ಬರ್ ವಾಷರ್‌ಗಳನ್ನೂ ತನ್ನಿ. ಇದನ್ನು ಬಿಡುವವರೇ ಜಾಸ್ತಿ. ಹಳೆ ವಾಷರ್ ಕಲ್ಲಾಗಿರುತ್ತದೆ. ಬೋಲ್ಟ್ ಬಿಗಿಯಾದ ಹಾಗೆ ಅನಿಸುತ್ತದೆ, ಕವರ್ ಮಾತ್ರ ಕೂತಿರುವುದಿಲ್ಲ. ಆಗ ಇನ್ನೂ ಬಿಗಿ ಮಾಡುತ್ತಾರೆ, ಕವರ್ ಬಗ್ಗುತ್ತದೆ. ನಿಮ್ಮ ಬಲಗಡೆ ಮೂಲೆಯಲ್ಲಿ ಯಾರೋ ಹಾಗೆ ಮಾಡಿರಬಹುದು. ಕವರ್ ತೆಗೆದ ಮೇಲೆ ಗಾಜಿನ ಮೇಲೆ ಮಗುಚಿ ಇಟ್ಟು ನೋಡಿ, ಸಂದಿ ಕಾಣುತ್ತದಾ ಅಂತ.

ಹೆಡ್‌ನ ಅಂಚಿನಲ್ಲಿ ಹಳೆಯ ಪ್ಯಾಕಿಂಗ್ ಚೂರು ಅಂಟಿಕೊಂಡಿದ್ದರೆ ಪ್ಲಾಸ್ಟಿಕ್ ಸ್ಕೇಲ್‌ನಿಂದ ಕೆರೆಯಿರಿ. ಬ್ಲೇಡ್ ಬೇಡ, ಅಲ್ಯೂಮಿನಿಯಂ ಮೇಲೆ ಗೀರು ಬಿದ್ದರೆ ಅದೇ ಹೊಸ ಸೋರಿಕೆ. ಚೂರು ಒಳಗೆ ಬೀಳದ ಹಾಗೆ ಬಟ್ಟೆ ತುಂಬಿಕೊಳ್ಳಿ, ಮುಚ್ಚುವ ಮೊದಲು ಬಟ್ಟೆ ತೆಗೆಯಿರಿ. ಅನಾಬಾಂಡ್ (ಸಂದಿ ಮುಚ್ಚುವ ಗೋಂದು) ಸುತ್ತಲೂ ಬಳಿಯಬೇಡಿ. ಮೂಲೆಯಲ್ಲಿ ಒಂದೊಂದು ಚುಕ್ಕೆ ಸಾಕು. ಹೆಚ್ಚಾದದ್ದು ಒಳಗೆ ಉದುರಿ ಚೇಂಬರ್ ಜಾಲರಿಗೆ ಹೋಗಿ ಕೂರುತ್ತದೆ. ಬೋಲ್ಟ್‌ಗಳನ್ನು ನಡುವಿನಿಂದ ಹೊರಗೆ, ಸ್ವಲ್ಪ ಸ್ವಲ್ಪವಾಗಿ, ಸಣ್ಣ ಸ್ಪ್ಯಾನರ್‌ನಲ್ಲಿ ಬಿಗಿ ಮಾಡಿ. ತೋಳಿನ ಬಲ ಬೇಡ, ಮಣಿಕಟ್ಟಿನ ಬಲ ಸಾಕು.

ಡೆಲ್ಕೋ: ಬಿಚ್ಚುವ ಮೊದಲು ಡೆಲ್ಕೋ ಬುಡ ಮತ್ತು ಹೆಡ್ ಎರಡರ ಮೇಲೂ ಸೇರಿಸಿ ಒಂದು ಗೆರೆ ಎಳೆಯಿರಿ. ಉಗುರು ಬಣ್ಣ ಚೆನ್ನಾಗಿ ನಿಲ್ಲುತ್ತದೆ. ಟೋಪಿ ತೆಗೆದು ರೋಟರ್ ಯಾವ ಕಡೆ ಮುಖ ಮಾಡಿದೆ ಅಂತ ಫೋಟೊ ತೆಗೆಯಿರಿ. ಹೊರಗೆ ತೆಗೆದ ಮೇಲೆ ಎಂಜಿನ್ ತಿರುಗಿಸಬೇಡಿ, ಗೇರ್‌ನಲ್ಲಿ ಹಾಕಿ ತಳ್ಳುವುದೂ ಬೇಡ. ಗೆರೆಗೆ ಗೆರೆ ಸರಿಯಾಗಿ ಕೂತರೆ ಟೈಮಿಂಗ್ ಹಾಗೇ ಇರುತ್ತದೆ. ಆದರೂ ಆಮೇಲೆ ಒಮ್ಮೆ ಟೈಮಿಂಗ್ ಲೈಟ್ ಇಟ್ಟು ನೋಡಿಸಿ. ಹಳೆಯ ಓ ರಿಂಗ್ ಅಂಗಡಿಗೆ ತೆಗೆದುಕೊಂಡು ಹೋಗಿ ಅಳತೆ ಹೊಂದಿಸಿ. ಹೊಸದಕ್ಕೆ ಎಂಜಿನ್ ಆಯಿಲ್ ಸವರಿ ಕೂರಿಸಿ, ಒಣ ರಬ್ಬರ್ ತಿರುಚಿಕೊಳ್ಳುತ್ತದೆ. ಟೋಪಿ ಒಳಗೆ ಎಣ್ಣೆ ಇದ್ದರೆ ಬೇರೆ ಕಥೆ, ಆಗ ಡೆಲ್ಕೋದ ಒಳಗಿನ ಸೀಲ್ ಹೋಗಿದೆ ಅಂತ ಅರ್ಥ.

ಇನ್ನು ಕೂಲೆಂಟ್. ಬಿಸಿ ಇರುವಾಗ ರೇಡಿಯೇಟರ್ ಕ್ಯಾಪ್ ಮುಟ್ಟಬೇಡಿ. ಕ್ಯಾಪ್ ಮೇಲೆ ಸಾಮಾನ್ಯವಾಗಿ 0.9 ಅಂತ ಇರುತ್ತದೆ. ಅಷ್ಟು ಒತ್ತಡದಲ್ಲಿ ಬರೀ ನೀರು ಕೂಡ 118 ಡಿಗ್ರಿ ಹತ್ತಿರ ಬರುವವರೆಗೆ ಕುದಿಯುವುದಿಲ್ಲ. ಕ್ಯಾಪ್ ತೆಗೆದ ಕ್ಷಣ ಕುದಿದು ಮುಖಕ್ಕೆ ಬರುತ್ತದೆ. ಈ ಒತ್ತಡದಿಂದಲೇ ನಿಮಗೆ ಹನಿ ಕಾಣುತ್ತಿಲ್ಲ. ಬಿಸಿಯಾಗಿ ಓಡುವಾಗ ಮಾತ್ರ ಜಿನುಗುತ್ತದೆ, ಅಲ್ಲೇ ಆರಿಹೋಗುತ್ತದೆ. ಆರಿದ ಕಡೆ ಬಿಳಿಯೋ ಹಸಿರೋ ಉಪ್ಪಿನ ಹಾಗೆ ಕಟ್ಟಿರುತ್ತದೆ. ಅದನ್ನು ಹುಡುಕಿ. ಹೋಸ್ ಪೈಪ್ ಕ್ಲಿಪ್ಪುಗಳ ಹತ್ತಿರ, ರೇಡಿಯೇಟರ್ ಪಕ್ಕದ ಟ್ಯಾಂಕಿನ ಅಂಚಿನಲ್ಲಿ, ಬೆಲ್ಟ್ ಕಡೆ ವಾಟರ್ ಪಂಪ್ ಕೆಳಗೆ. ಪಂಪ್‌ಗೆ ಕೆಳಗಡೆ ಒಂದು ಸಣ್ಣ ತೂತು ಇರುತ್ತದೆ, ಒಳಗಿನ ಸೀಲ್ ಸವೆದರೆ ಅಲ್ಲಿಂದ ಹೊರಗೆ ಬರಲಿ ಅಂತಲೇ ಬಿಟ್ಟಿರುವುದು. ಅದನ್ನು ಮುಚ್ಚುವ ಬುದ್ಧಿವಂತರನ್ನೂ ನೋಡಿದ್ದೇನೆ.

ಹೊರಗೆ ಏನೂ ಸಿಗದಿದ್ದರೆ ಕಾಲಡಿ ಮ್ಯಾಟ್ ಎತ್ತಿ ನೋಡಿ. ಒದ್ದೆ ಇದ್ದು ಸಿಹಿ ವಾಸನೆ ಬಂದರೆ, ಮುಂದಿನ ಗಾಜಿಗೆ ಜಿಡ್ಡಿನ ಮಂಜು ಕಟ್ಟುತ್ತಿದ್ದರೆ, ಒಳಗಿನ ಹೀಟರ್. ಅದೂ ಅಲ್ಲ ಅಂದರೆ ಹೆಡ್ ಗ್ಯಾಸ್ಕೆಟ್ ಕಡೆ ಯೋಚನೆ. ಆಯಿಲ್ ಕ್ಯಾಪ್ ಒಳಗೆ ಕಾಫಿ ಬಣ್ಣದ ನೊರೆ ಕಂಡರೆ ತಕ್ಷಣ ಹೆದರಬೇಡಿ. ಚಳಿಯಲ್ಲಿ ಹತ್ತಿರ ಹತ್ತಿರ ಓಡಿಸಿದರೂ ತೇವ ಕೂತು ಹಾಗಾಗುತ್ತದೆ. ಡಿಪ್ ಸ್ಟಿಕ್‌ನಲ್ಲೂ ಕಂಡರೆ ಗಾಡಿ ನಿಲ್ಲಿಸಿ.

ತೀರ್ಥಹಳ್ಳಿ ರಸ್ತೆ:

ಎಲ್ಲಾ ಆಯಿತು ಸರ್.

ಹಳೆಯ ಓ ರಿಂಗ್ ಹೊರಗೆ ಬಂದಾಗ ಗುಂಡಗೆ ಇರಲೇ ಇಲ್ಲ. ಹೊರಮೈ ಚಪ್ಪಟೆಯಾಗಿ ಚೌಕಾಕಾರಕ್ಕೆ ಬಂದಿತ್ತು. ಬಗ್ಗಿಸಿದೆ, ಚಕ್ಕುಲಿ ಮುರಿದ ಹಾಗೆ ಮುರಿಯಿತು. ಟೋಪಿ ಒಳಗೆ ಎಣ್ಣೆ ಇರಲಿಲ್ಲ. ಕವರ್ ಮೂಲೆ ಸ್ವಲ್ಪ ಬಗ್ಗಿತ್ತು, ಇಲ್ಲೇ ಒಬ್ಬರು ಲೇತ್‌ನವರು ಮರದ ತುಂಡು ಇಟ್ಟು ತಟ್ಟಿ ಸರಿ ಮಾಡಿಕೊಟ್ಟರು. ಪಿಸಿವಿ ಹೊಸದು ಹಾಕಿದೆ. ಪೈಪೂ ಹೊಸದು.

ಮೊದಲ ದಿನ ಹೊಗೆ ಬಂದೇ ಬಂತು, ಅಳು ಬರುವುದೊಂದು ಬಾಕಿ. ಆಮೇಲೆ ಯೋಚಿಸಿದರೆ ಮ್ಯಾನಿಫೋಲ್ಡ್ ತಗಡಿನ ಒಳಗೆ ಮೊದಲೇ ಇಳಿದ ಎಣ್ಣೆ ಸುಡುತ್ತಿತ್ತು ಅನಿಸುತ್ತದೆ. ದಿನೇ ದಿನೇ ಕಡಿಮೆಯಾಗಿ ಈಗ ನಿಂತಿದೆ.

ಕೂಲೆಂಟ್ ಕಳ್ಳ ಸಿಕ್ಕಿದ. ಎಂಜಿನ್ ಹಿಂದೆ, ಹೀಟರ್‌ಗೆ ಹೋಗುವ ಪೈಪ್ ಎಂಜಿನ್‌ಗೂ ಕ್ಯಾಬಿನ್‌ಗೂ ನಡುವಿನ ಗೋಡೆ ಸೇರುವ ಕಡೆ ಕ್ಲಿಪ್ ಸುತ್ತ ತಿಳಿಹಸಿರು ಪುಡಿ ಕಟ್ಟಿತ್ತು. ಪೈಪ್, ಕ್ಲಿಪ್ ಎರಡೂ ಬದಲಾಯಿಸಿದೆ. ಬಾಟಲಿ ಲೆವೆಲ್ ಹಾಗೇ ನಿಂತಿದೆ.

ಒಂದೇ ಒಂದು ಬಾಕಿ. ರಟ್ಟಿನ ಮೇಲೆ ಎಡಗಡೆ ಇನ್ನೂ ಒಂದು ಸಣ್ಣ ಹನಿ ಬೀಳುತ್ತಿದೆ. ಮೊದಲಿನ ಜಾಗವಲ್ಲ, ಚಕ್ರದ ಕಡೆಗೆ ಸ್ವಲ್ಪ ಹತ್ತಿರ. ಕ್ರ್ಯಾಂಕ್ ಸೀಲೂ ಹೋಗಿದೆಯಾ?

ಹಳೇ ಗ್ಯಾರೇಜ್, ದಾವಣಗೆರೆ:

ಬೆರಳಲ್ಲಿ ತೆಗೆದುಕೊಂಡು ಉಜ್ಜಿ, ಮೂಗಿನ ಹತ್ತಿರ ಹಿಡಿಯಿರಿ. ಯಾವ ವಾಸನೆ?

ತೀರ್ಥಹಳ್ಳಿ ರಸ್ತೆ:

ಅಯ್ಯೋ ದೇವರೆ. ಕೊಳೆತ ಮೊಟ್ಟೆ. ದಪ್ಪಗಿದೆ. ಕೈ ತೊಳೆದರೂ ಹೋಗುತ್ತಿಲ್ಲ.

ಹಳೇ ಗ್ಯಾರೇಜ್, ದಾವಣಗೆರೆ:

ಗೇರ್ ಆಯಿಲ್. ಎಡಗಡೆ ಆಕ್ಸಲ್ ಗೇರ್ ಬಾಕ್ಸ್ ಒಳಗೆ ಹೋಗುವ ಕಡೆ ಒಂದು ಸೀಲ್ ಇದೆ, ಅದು. ಇದಕ್ಕೂ ಗೇರ್ ಬಾಕ್ಸ್ ಇಳಿಸಬೇಕಿಲ್ಲ. ಗೇರ್ ಆಯಿಲ್ ಇಳಿಸಿ, ಆಕ್ಸಲ್ ಹೊರಗೆ ಎಳೆದು, ಸೀಲ್ ಬದಲಾಯಿಸಿ, ಹೊಸ ಆಯಿಲ್ ತುಂಬುವುದು. ಆದರೆ ಮನೆಯಲ್ಲಿ ಜಾಕ್ ಮೇಲೆ ಮಾಡಬೇಡಿ, ಲಿಫ್ಟ್ ಇರುವ ಕಡೆ ಮಾಡಿಸಿ. ಅಲ್ಲಿಯವರೆಗೆ ಗೇರ್ ಆಯಿಲ್ ಲೆವೆಲ್ ಒಮ್ಮೆ ನೋಡಿಸಿಕೊಳ್ಳಿ, ಎಂಜಿನ್ ಆಯಿಲ್ ಹಾಗೆ ಇದಕ್ಕೆ ದೀಪ ಹೊತ್ತುವುದಿಲ್ಲ.